ಕೊನೆಯವರಾಗಿ ಬಂದೆವು

ಬಣಕಲ್,
೩೦-೧-೨೦೦೭, ಮಂಗಳವಾರ

ಪ್ರೀತಿಯ ಕೃತಿಕಾಗೆ,

ನಿನ್ನ ಅತ್ತೆಯ ಆಶೀರ್ವಾದ. ನನ್ನ ಎರಡು ಕಾಲುಗಳನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಭಾನುವಾರದಿಂದ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯಬೇಕು, ಇಳಿಯುವಾಗ ನಿನ್ನ ಮಾವನನ್ನು ಹಿಡಿಯಬೇಕು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಇರುವುದು ನಡುಮನೆಯಲ್ಲಿ, ನನಗೆ ಹೇಳಲಿಕ್ಕಿರುವುದು ಅಲ್ಲಿ ನಿಂತು ಹೇಳುವ ಮಾತಲ್ಲ. ಅದಕ್ಕೇ ಊಟ ಮುಗಿಸಿ ಕಾಗದ ಹಿಡಿದು ಕೂತಿದ್ದೇನೆ.

ಹೌದು, ನಾನು ಓಡಿದೆ. ಐದು ಕಿಲೋಮೀಟರ್. ಅಮೂಲ್ಯಾ ಚಿಕ್ಕಮ್ಮ ನಿನಗೆ ಆಗಲೇ ಹೇಳಿರುತ್ತಾಳೆ, ಬಿದ್ದೆ ಅಂತಲೂ ಸೇರಿಸಿರುತ್ತಾಳೆ. ಬೀಳಲಿಲ್ಲ.

ನಮ್ಮ ಮೋಹಿತ್ ಘಾಟಿಯಲ್ಲಿ ಬೈಕಿನಿಂದ ಬಿದ್ದ ದಿನ, ಆಸ್ಪತ್ರೆಗೆ ಒಯ್ಯಲು ಗಾಡಿ ಸಿಗದೆ, ಗೆಳೆಯ ಸುಪ್ರೀತ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ಬದಿಯಲ್ಲಿ ಕಾದದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಮೋಹಿತ್ ಹೋದಾಗಿನಿಂದ, ಈ ಎರಡು ವರ್ಷ, ಸುಪ್ರೀತನಿಗೆ ಒಂದೇ ಹಟ. ನಮ್ಮ ಕಡೆಗೆ ಒಂದು ಆಂಬುಲೆನ್ಸ್ ಬರಬೇಕು. ಮೂಡಿಗೆರೆಯ ತನ್ನ ಪಂಪ್‌ಸೆಟ್ ಅಂಗಡಿಗೆ ಬಂದವರನ್ನೆಲ್ಲ ಹಿಡಿದು ಹಿಡಿದು ಕೊನೆಗೆ ಈ ಓಟ ಏರ್ಪಾಡು ಮಾಡಿದ. ಶಾಲೆಯ ಮೈದಾನದಿಂದ ಹೊರಟು, ಎಸ್ಟೇಟ್ ರಸ್ತೆಯಲ್ಲಿ ಹೋಗಿ ವಾಪಸು. ಗೆಲ್ಲುವವರಿಗೆ ಕಪ್ಪಿಲ್ಲ, ಬಹುಮಾನವಿಲ್ಲ. ಖುಷಿಗೆ ಓಡುವುದು, ಕೈಲಾದದ್ದು ಕೊಡುವುದು.

ನನ್ನನ್ನು ಕರೆದದ್ದು ಓಡುವುದಕ್ಕಲ್ಲ, ವೇದಿಕೆಯ ಮೇಲೆ ಕೂತು ಬಾವುಟ ಬೀಸುವುದಕ್ಕೆ. ಒಪ್ಪಿಕೊಂಡೂ ಇದ್ದೆ. ಆಮೇಲೆ ಯೋಚನೆ ಬಂತು. ಕುರ್ಚಿಯ ಮೇಲೆ ಕೂತರೆ ಊರಿನವರೆಲ್ಲ ನನ್ನನ್ನೇ ನೋಡುತ್ತಾರೆ, ಪಾಪ, ಮೋಹಿತನ ತಾಯಿ ಎಂದು ಪಿಸುಗುಡುತ್ತಾರೆ. ಅದನ್ನು ಕೇಳಿ ಕೇಳಿ ಸಾಕಾಗಿದೆ. ಗುಂಪಿನ ನಡುವೆ ಸೇರಿಕೊಂಡು ಓಡಿದರೆ ಯಾರು ನೋಡುತ್ತಾರೆ? ಹಾಗಾಗಿ, ಬಾವುಟ ಬೇರೆಯವರಿಗೆ ಕೊಡಿ, ನನ್ನ ಹೆಸರು ಓಟಕ್ಕೆ ಬರೆದುಕೊಳ್ಳಿ ಎಂದೆ.

ಬೆಳಿಗ್ಗೆ ಹೆಣ್ಣಾಳುಗಳು ಬರುವ ಮೊದಲು ಕಣದ ಸುತ್ತ ಓಡಿ ಅಭ್ಯಾಸ ಮಾಡಿದೆ. ಮೊದಲ ದಿನ ಮೇಸ್ತ್ರಿ ಭೂತಯ್ಯ ನನ್ನನ್ನು ಕಾಡುಹಂದಿ ಅಟ್ಟಿಸಿಕೊಂಡು ಬಂತೆಂದು ತಿಳಿದು ದೊಣ್ಣೆ ಹಿಡಿದು ಹಿಂದೆಯೇ ಓಡಿಬಂದ. ಎರಡು ಸುತ್ತಿಗೆ ಅವನೇ ಏದುಸಿರು ಬಿಟ್ಟು, ಒಣಗಲು ಹರಡಿದ್ದ ಪಾರ್ಚ್‌ಮೆಂಟ್ ಕಾಫಿಯ ಪಕ್ಕ ಕೂತುಬಿಟ್ಟ. ಸೀರೆಯಲ್ಲಿ ಆಗುವುದಿಲ್ಲ ಎಂದು ನಿನ್ನ ಬೀರು ತೆಗೆದು ನೀಲಿ ಚೂಡಿದಾರ ಹಾಕಿಕೊಂಡೆ. ಕೇಳದೆ ತೆಗೆದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಪಕ್ಕದ ಹೊಲಿಗೆ ಸ್ವಲ್ಪ ಬಿಚ್ಚಿದ್ದೇನೆ. ಆ ವೇಷದಲ್ಲಿ ನಡುಮನೆಗೆ ಬಂದಾಗ ನಿನ್ನ ಮಾವ ಪೇಪರಿನಿಂದ ತಲೆ ಎತ್ತಿ ನೋಡಿದರು. ನಗುತ್ತಾರೆ ಅಂದುಕೊಂಡೆ. ದುಪಟ್ಟಕ್ಕೆ ಪಿನ್ ಹಾಕು, ಕಾಲಿಗೆ ಸಿಕ್ಕುತ್ತೆ ಎಂದಷ್ಟೇ ಹೇಳಿ ಮತ್ತೆ ಪೇಪರ್ ಓದತೊಡಗಿದರು.

ಭಾನುವಾರ ಮೈದಾನದ ತುಂಬ ಜನ. ಶಾಲೆಯ ಮಕ್ಕಳು, ತೋಟದ ಲೆಕ್ಕ ಬರೆಯುವ ರೈಟರುಗಳು, ಸೊಸೈಟಿಯ ಓಂಕಾರಮೂರ್ತಿಯವರು ಹೊಟ್ಟೆಯ ಮೇಲೆ ಬಿಗಿಯಾದ ಬನಿಯನ್ ಹಾಕಿಕೊಂಡು. ನೀನೂ ಬರುತ್ತೀಯೇನೋ ಎಂದು ಚಿಕ್ಕಮಗಳೂರಿನ ಬಸ್ಸು ಬಂದಾಗಲೆಲ್ಲ ನೋಡುತ್ತಿದ್ದೆ. ಪರೀಕ್ಷೆ ಪೇಪರ್ ತಿದ್ದುವುದಿದೆ ಎಂದಿದ್ದೆಯಲ್ಲ. ಅದು ನೆಪ ಎಂದು ಗೊತ್ತಿತ್ತು. ಯಾಕೆ ಎಂದು ಮಾತ್ರ ಗೊತ್ತಿರಲಿಲ್ಲ.

ಮಕ್ಕಳು ಕಣ್ಣು ಮಿಟುಕಿಸುವುದರೊಳಗೆ ಮಾಯವಾದರು. ನನ್ನದು ಓಟವೋ ನಡಿಗೆಯೋ ಎಂದು ನನಗೇ ಅನುಮಾನ. ಏರು ಶುರುವಾಗುವಷ್ಟರಲ್ಲಿ ಎದೆ ಕುಲುಮೆಯ ಹಾಗೆ ಆಯಿತು. ಎಲ್ಲರಿಗಿಂತ ಮುಂದೆ ಇರಬೇಕಾದ ಸುಪ್ರೀತ್ ನನ್ನ ಪಕ್ಕದಲ್ಲೇ ನಿಧಾನವಾಗಿ ಬರುತ್ತಿದ್ದ. ನೀನು ಹೋಗಪ್ಪ ಎಂದರೆ ಹೋಗಲಿಲ್ಲ. ಅರ್ಧ ಏರಿನಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಿದ್ದಾಗ, ಬಾಯಿ ಬಿಟ್ಟ.

“ಅಮ್ಮಾ, ಒಂದು ಮಾತು ಕೇಳ್ತೀನಿ. ನೀವು ಬೇಡ ಅಂದ್ರೆ ಮತ್ತೆ ಯಾವತ್ತೂ ಕೇಳಲ್ಲ. ನಾನು ಕೃತಿಕಾ ಅವ್ರನ್ನ ಮದುವೆ ಆಗ್ಬೇಕು ಅಂತಿದ್ದೀನಿ.”

ನಿನಗೆ ಹೇಳಿ ಆರು ತಿಂಗಳಾಯಿತಂತೆ. ಅತ್ತೆಯನ್ನು ಕೇಳದೆ ನಾನು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ ಎಂದೆಯಂತೆ. ಈ ಭಾನುವಾರ ಕೇಳುತ್ತೇನೆ ಎಂದು ಅವನು ಹೇಳಿದ ಮೇಲೆ ನೀನು ಬರುವ ಧೈರ್ಯ ಮಾಡಲಿಲ್ಲವಂತೆ.

ಕೃತಿಕಾ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ನನಗೆ ಬಂದದ್ದು ಸಿಟ್ಟು. ನನ್ನ ಮಗನ ತಟ್ಟೆಯಲ್ಲಿ ಉಂಡವನು, ನನ್ನ ಮಗನ ಹೆಸರಿನಲ್ಲೇ ಓಟ ಇಟ್ಟು, ಅವನ ಹೆಂಡತಿಯನ್ನೇ ಕೇಳುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಓಡಿದೆ. ಆವರೆಗೆ ಓಡಿದ್ದೆಲ್ಲ ಓಟವೇ ಅಲ್ಲ ಅನ್ನುವ ಹಾಗೆ, ಅವನ ದನಿ ಕೇಳದಷ್ಟು ದೂರ ಹೋಗಬೇಕೆಂದು ಓಡಿದೆ. ಏರು ಮುಗಿದು ಇಳಿಜಾರು ಬಂತು. ಓಂಕಾರಮೂರ್ತಿಯವರನ್ನು ದಾಟಿ ಹೋದೆ, ಅವರು ಏನೋ ಕೂಗಿದರು. ಅಳುತ್ತಿದ್ದೆ. ಆದರೆ ಓಡುವವರ ಮುಖವೆಲ್ಲ ಒದ್ದೆಯೇ ಅಲ್ಲವಾ, ಯಾರಿಗೂ ಗೊತ್ತಾಗಲಿಲ್ಲ. ಎರಡು ವರ್ಷದಲ್ಲಿ ಹಾಗೆ ಮನಸ್ಸು ಬಿಚ್ಚಿ, ಬಯಲಿನಲ್ಲಿ ಅತ್ತಿರಲಿಲ್ಲ.

ಇಳಿಜಾರಿನ ಕೆಳಗೆ ಕಾಲು ಸೋತುಹೋಯಿತು. ಮೋರಿಯ ಕಟ್ಟೆ ಮೇಲೆ ಕೂತೆ. ಆ ಕಡೆ ರೊಬಸ್ಟಾ ಕಾಫಿ ತೋಟದಲ್ಲಿ ಯಾರೋ ಹೆಣ್ಣುಮಕ್ಕಳು ಏನಕ್ಕೋ ನಗುತ್ತಿದ್ದರು. ಅದನ್ನು ಕೇಳುತ್ತ ಕೂತಾಗ ನೀನು ನೆನಪಾದೆ. ದೀಪಾವಳಿಗೆ ಬಂದಿದ್ದೆಯಲ್ಲ, ಆಗ ಭೂತಯ್ಯ ಎಮ್ಮೆಯ ಸಂಗತಿ ಹೇಳಿದ. ಎಲ್ಲರೂ ನಕ್ಕರು. ನೀನು ಮಾತ್ರ ಮೊದಲು ನನ್ನ ಮುಖ ನೋಡಿದೆ. ನಾನು ನಗುತ್ತಿದ್ದೇನೆ ಎಂದು ಖಾತ್ರಿಯಾದ ಮೇಲೆ ನಕ್ಕೆ. ಈಗ ಲೆಕ್ಕ ಹಾಕಿದರೆ ಪ್ರತಿ ಸಲವೂ ಹಾಗೆಯೇ. ನಮ್ಮ ಮನೆಗೆ ಬಂದಾಗಲೆಲ್ಲ ನಗುವ ಮೊದಲು ನನ್ನ ಅಪ್ಪಣೆ ಕೇಳುತ್ತಿದ್ದೀಯ. ಇಪ್ಪತ್ತೆಂಟು ವರ್ಷದ ಹುಡುಗಿ. ನಾನು ಹಾಗೆ ಮಾಡು ಅಂದಿರಲಿಲ್ಲ ನಿಜ. ಆದರೆ ಬೇಡ ಅಂತಲೂ ಹೇಳಿರಲಿಲ್ಲ.

ಅಷ್ಟು ಹೊತ್ತಿಗೆ ಸುಪ್ರೀತ್ ಬಂದ. ಬಯ್ಯಿಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ ಅನಿಸುತ್ತದೆ, ದೂರದಲ್ಲೇ ನಿಂತ. ನೀರಿನ ಬಾಟಲಿ ಚಾಚಿದ. ಕುಡಿದು, ನನ್ನನ್ನು ಎಬ್ಬಿಸು ಎಂದು ಕೈ ಕೊಟ್ಟೆ.

“ಬೆಳಿಗ್ಗೆ ಎದ್ದ ಕೂಡಲೇ ಮಾತಾಡಿಸಿದ್ರೆ ಅವಳಿಗೆ ಸಿಟ್ಟು ಬರುತ್ತೆ,” ಎಂದೆ. “ಕಾಫಿ ಕುಡಿಯೋ ತನಕ ತಂಟೆಗೆ ಹೋಗ್ಬಾರದು. ಗೊತ್ತಾ ನಿಂಗೆ?”

ಗೊತ್ತಿಲ್ಲ ಎಂದ.

“ತಿಳ್ಕೊಂಡಿರು.”

ನಾನು ಒಪ್ಪಿದೆ ಎಂದು ಅರ್ಥವಾದ ಕೂಡಲೇ ಅವನು ರಸ್ತೆಯ ಆಚೆ ಬದಿಗೆ ಹೋಗಿ, ಕಾಫಿ ಗಿಡಗಳ ಕಡೆಗೆ ಮುಖ ಮಾಡಿ ನಿಂತುಕೊಂಡ. ನಾನು ಕಾದೆ. ನಾವಿಬ್ಬರೂ ಎಲ್ಲರಿಗಿಂತ ಕೊನೆಯವರಾಗಿ ಮೈದಾನಕ್ಕೆ ಬಂದೆವು. ಓಂಕಾರಮೂರ್ತಿಯವರು ಆಗಲೇ ಎರಡನೇ ಲೋಟ ಮಜ್ಜಿಗೆ ಕುಡಿಯುತ್ತಿದ್ದರು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆಂಬುಲೆನ್ಸಿಗೆ ಬೇಕಾದ್ದರಲ್ಲಿ ಅರ್ಧದಷ್ಟು ಕೂಡಿದೆಯಂತೆ, ಬರುವ ವರ್ಷ ಮತ್ತೆ ಓಡಬೇಕು.

ಇನ್ನು ನಿನಗೆ ಹೇಳುವುದು ಇಷ್ಟೇ. ನೀನು ನನಗೆ ಉತ್ತರ ಬರೆಯುವುದು ಬೇಡ, ಅವನಿಗೆ ಹೇಳು. ಮನಸ್ಸಿದ್ದರೆ ಹೂಂ ಅನ್ನು. ಇಲ್ಲದಿದ್ದರೆ ಬೇಡ ಅನ್ನು, ಒಳ್ಳೆಯ ಹುಡುಗ, ತಡೆದುಕೊಳ್ಳುತ್ತಾನೆ. ನನ್ನ ಕಾರಣಕ್ಕೆ ಮಾತ್ರ ಬೇಡ ಅನ್ನಬೇಡ. ಮೋಹಿತನನ್ನು ನೆನೆಸಿಕೊಳ್ಳಲು ನಾನಿದ್ದೇನೆ, ನೀನೂ ಇರುತ್ತೀಯ. ಅದಕ್ಕೆ ನೀನು ಒಂಟಿಯಾಗಿರಬೇಕಾಗಿಲ್ಲ ಮಗಳೇ.

ನಿನ್ನ ಮಾವನಿಗೆ ಇನ್ನೂ ಹೇಳಿಲ್ಲ. ಅವರು ಮಗನ ಹೆಸರು ಬಾಯಲ್ಲಿ ಹೇಳಿ ಎರಡು ವರ್ಷವಾಯಿತು, ಹೇಗೆ ತೆಗೆದುಕೊಳ್ಳುತ್ತಾರೋ ಎಂಬ ಹೆದರಿಕೆ. ಸಮಯ ನೋಡಿ ಹೇಳುತ್ತೇನೆ, ಆ ಚಿಂತೆ ನಿನಗೆ ಬೇಡ. ನಿನ್ನ ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸು.

ಕಾಲು ನೋವಿದ್ದರೂ ಮನಸ್ಸು ಹಗುರಾಗಿರುವ
ನಿನ್ನ ಅತ್ತೆ
ಶಂಕರಮ್ಮ

ಆಮೇಲೆ ಸೇರಿಸಿದ್ದು: ಲಕೋಟೆ ಅಂಟಿಸುವ ಮೊದಲೇ ನಿನ್ನ ಮಾವ ಬಂದು, ಸುಪ್ರೀತನ ವಿಷಯ ಬರೆದೆಯಾ ಎಂದು ಕೇಳಿದರು. ಅವನು ನನಗಿಂತ ಮೊದಲು ಕೇಳಿದ್ದು ಇವರನ್ನಂತೆ, ಸಂಕ್ರಾಂತಿಗೂ ಮೊದಲು. ಶಂಕರಮ್ಮನನ್ನು ಮನೆಯೊಳಗೆ ಕೂರಿಸಿ ಕೇಳಬೇಡ, ಅತ್ತರೆ ನನಗೆ ನೋಡಲಿಕ್ಕಾಗಲ್ಲ, ಹೊರಗೆಲ್ಲಾದರೂ ಕೇಳು ಎಂದು ಕಳಿಸಿದವರು ಇವರೇ! ಈಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಬರೆಯಲು ಹೇಳುತ್ತಿದ್ದಾರೆ. “ಈ ಸಲ ಬರೋವಾಗ ಕೃತಿಕಾ ಒಬ್ಬಳೇ ಬಸ್ಸಲ್ಲಿ ಬರೋದು ಬೇಡ. ಸುಪ್ರೀತನ್ನೂ ಕರ್ಕೊಂಡು ಬರ್ಲಿ. ಮೋಹಿತನ ಜೀಪಿದೆ, ಕಳಿಸ್ತೀನಿ.”