ಒಂಬತ್ತೂವರೆ ಬೆರಳು

ರಾಮದುರ್ಗ
೧೦ ನವೆಂಬರ್ ೨೦೨೪, ಭಾನುವಾರ ಮಧ್ಯಾಹ್ನ

ಪ್ರಣಿತಾಳ ಅಪ್ಪನವರಿಗೆ, ಅನ್ನಪೂರ್ಣಾ ಮಾಡುವ ನಮಸ್ಕಾರಗಳು.

ಸಿಟ್ಟು ಎಷ್ಟೇ ಇದ್ದರೂ ಮೊದಲು ಆರೋಗ್ಯ ಕೇಳಬೇಕು ಅಂತ ನಮ್ಮವ್ವ ಕಲಿಸಿದ್ದಾಳೆ, ಅದಕ್ಕೇ ಕೇಳುತ್ತಿದ್ದೇನೆ. ಹೆಬ್ಬೆರಳು ಹೇಗಿದೆ? ಹೊಲಿಗೆ ಬಿಚ್ಚಿದ ಜಾಗದಲ್ಲಿ ಹೊಸ ಚರ್ಮ ಬಂತೇ, ಇನ್ನೂ ಕೆಂಪಗೇ ಇದೆಯೇ? ಆ ಡಾಕ್ಟರು ಹಾಕಿದ ಹೊಲಿಗೆ ನನಗೆ ಮೊದಲ ದಿನವೇ ಸರಿ ಬಂದಿರಲಿಲ್ಲ, ಲಂಗದ ಅಂಚನ್ನು ಅದಕ್ಕಿಂತ ನೆಟ್ಟಗೆ ಹೊಲಿಯುತ್ತೇನೆ ನಾನು. ಊಟಕ್ಕೆ ಕೂತಾಗ ಖಾರ ತಾಗಿ ಉರಿಯುತ್ತದೆ ಅಂತ ಇಲ್ಲಿ ನಿಮಗೆ ಚಮಚೆ ಕೊಡುತ್ತಿದ್ದೆ. ಅಲ್ಲಿ ತೊರಗಲ್ಲಿನಲ್ಲಿ ನಿಮ್ಮಕ್ಕನ ಎದುರಿಗೆ ಚಮಚೆ ಕೇಳಲಿಕ್ಕೆ ನಿಮಗೆ ನಾಚಿಕೆ. ಕೈಯಿಂದಲೇ ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಕಣ್ಣಲ್ಲಿ ನೀರು ಬಂದರೆ ‘ಪಲ್ಯಾ ಖಾರ ಆಗೈತಿ’ ಅನ್ನುತ್ತಿರುತ್ತೀರಿ. ಪಾಪ, ಕಾಳವ್ವಕ್ಕ ಅದನ್ನು ನಂಬಿ ನಾಳೆಯಿಂದ ಸಪ್ಪಗೆ ಮಾಡುತ್ತಾರೆ. ಸಕ್ಕರೆ ಕಾಯಿಲೆಯ ಗುಳಿಗೆ ಮನೆಯಲ್ಲೇ ಬಿಟ್ಟು ಹೋಗಿದ್ದೀರಿ, ಈ ಕಾಗದದ ಜೊತೆ ಕಳಿಸಿದ್ದೇನೆ, ನುಂಗಿ.

ಫೋನು ಯಾಕೆ ಮಾಡಲಿಲ್ಲ ಅಂತ ಕೇಳಬೇಡಿ. ಗುರುವಾರದಿಂದ ಮಾಡಿ ಮಾಡಿ ಸಾಕಾಗಿದೆ. ಮೊದಲು ರಿಂಗ್ ಆದರೂ ಆಗುತ್ತಿತ್ತು, ಆಮೇಲೆ ಸ್ವಿಚ್ ಆಫ್. ನಿಮ್ಮಕ್ಕನ ಫೋನಿಗೆ ಹಚ್ಚಿದರೆ ‘ಸೋಮಪ್ಪಾ ಮಲಗ್ಯಾನವಾ’ ಅನ್ನುತ್ತಾರೆ. ಬೆಳಿಗ್ಗೆ ಹಚ್ಚಿದರೂ ಮಲಗಿದ್ದೀರಿ, ಸಂಜೆ ಹಚ್ಚಿದರೂ ಮಲಗಿದ್ದೀರಿ. ಅವರ ಹಿಂದಿನಿಂದ ನೀವು ಕೆಮ್ಮುವುದು ನನಗೆ ಕೇಳಿಸುತ್ತದೆ, ಮಲಗಿದವರು ಹಾಗೆ ಕೆಮ್ಮುವುದಿಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ. ಫೋನಿನ ಹಾಗೆ ಇದನ್ನು ನಡುವೆ ಕಟ್ ಮಾಡಲಿಕ್ಕೆ ಬರುವುದಿಲ್ಲ. ಹರಿದು ಹಾಕಬಹುದು ನಿಜ, ಆದರೆ ಓದದೆ ಹರಿಯುವಷ್ಟು ಗಟ್ಟಿ ಮನಸ್ಸು ನಿಮ್ಮದಲ್ಲ, ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತು. ನಮ್ಮ ಕಟ್ಟಿಗೆ ತರುವ ಟೆಂಪೋದ ಇಸ್ಮಾಯಿಲಸಾಬರು ಇವತ್ತು ಸಂಜೆ ತೊರಗಲ್ಲಿಗೆ ಮಾಲು ಇಳಿಸಲಿಕ್ಕೆ ಬರುತ್ತಾರೆ. ‘ಅವರ ಕೈಯಾಗಽ ಕೊಡ್ರಿ ಭಾಯಿ, ಅಕ್ಕಾರ ಕಡೆ ಕೊಡಬ್ಯಾಡ್ರಿ’ ಅಂತ ಹೇಳಿ ಕಳಿಸುತ್ತೇನೆ.

ಗಿರಾಕಿಯ ಎದುರಿಗೆ ನಾನು ನಿಮ್ಮ ಮರ್ಯಾದೆ ಕಳೆದೆ, ಅದು ನಿಮ್ಮ ತಕರಾರು. ಆಯಿತು, ಕಳೆದೆ. ಆದರೆ ಅದಕ್ಕಿಂತ ಮೊದಲು ನೀವು ಏನೇನು ಕಳೆದಿರಿ ಅನ್ನುವುದನ್ನೂ ಸ್ವಲ್ಪ ಕೇಳಿಕೊಳ್ಳಿ. ಕಟ್ಟಿಗೆ ಕೊಯ್ಯುವ ಆ ಮಷಿನ್ ಬಂದ ದಿನ ಅದರ ಬ್ಲೇಡಿನ ಮೇಲೆ ಒಂದು ಮುಚ್ಚಳ ಇತ್ತು. ‘ಇದು ಅಡ್ಡ ಬರತೈತಿ, ಗೆರಿ ಕಾಣಂಗಿಲ್ಲ’ ಅಂತ ಅವತ್ತೇ ಬಿಚ್ಚಿ ಇಟ್ಟಿರಿ. ಈಗ ಅದರಲ್ಲಿ ಮೊಳೆ ತುಂಬಿಸಿಟ್ಟಿದ್ದೀರಿ. ವರ್ಷಾವರ್ಷ ದಸರೆಯಲ್ಲಿ ಖಂಡೆ ಪೂಜೆಯ ದಿನ ಮಷಿನ್ನಿಗೆ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು ‘ನನ್ನ ಕೈಲೆ ಪೂಜಾ ಮಾಡಿಸಿಕೊಂಡದ್ದು ನನ್ನ ಕೈ ಕಚ್ಚಂಗಿಲ್ಲ’ ಅನ್ನುತ್ತೀರಿ. ಅಮಾವಾಸ್ಯೆಯ ದಿನ ಮಾತ್ರ ಅದನ್ನು ಮುಟ್ಟುವುದಿಲ್ಲ, ಅವತ್ತು ಮುಟ್ಟಿದರೆ ಕೆಡುಕಂತೆ. ಅಮಾವಾಸ್ಯೆ ಬಿಟ್ಟು ಉಳಿದ ದಿನ ಆ ಬ್ಲೇಡಿಗೆ ಹಲ್ಲು ಇರುವುದಿಲ್ಲವೇ? ಈ ಸಲ ಪೂಜೆಯ ಮಾಲೆ ಒಣಗುವ ಮೊದಲೇ ಅದು ನಿಮ್ಮ ಹೆಬ್ಬೆರಳಿನ ತುದಿ ತೆಗೆದುಕೊಂಡಿತು. ಕಿಟಕಿಯ ಗಾಜಿಗೆ ಕೂಡಿಸುವ ಸಣ್ಣ ಪಟ್ಟಿ, ಬೆರಳಿಗಿಂತ ತೆಳ್ಳಗಿನದು, ಅದನ್ನು ಬರಿಗೈಯಲ್ಲಿ ದೂಡುತ್ತಿದ್ದಿರಿ. ಪೂಜೆ ಬೇಡ ಅನ್ನುತ್ತಿಲ್ಲ ನಾನು, ಆ ತಾಟು ಹಿಡಿದು ಪಕ್ಕಕ್ಕೆ ನಿಂತವಳೂ ನಾನೇ. ಪೂಜೆ ಮಾಡಿದ ಮೇಲೆ ಎಚ್ಚರ ಬೇಡ ಅಂತ ಯಾವ ದೇವರು ಹೇಳಿದ್ದು?

ಇಷ್ಟು ದಿನ ಹೇಳದ ಒಂದು ಮಾತು ಈಗ ಹೇಳುತ್ತೇನೆ. ಅವತ್ತು ದವಾಖಾನೆಯಲ್ಲಿ ಡಾಕ್ಟರು ನನ್ನನ್ನು ಹೊರಗೆ ಕರೆದು, ತುಂಡಾದ ಭಾಗ ಸಿಕ್ಕರೆ ತನ್ನಿ, ನೋಡೋಣ ಅಂದರು. ನೀವು ಒಳಗೆ ‘ಸಣ್ಣ ಗಾಯ ಐತಿ ಬಿಡ್ರಿ’ ಅನ್ನುತ್ತಿದ್ದಿರಿ. ನಾನು ಆಟೋ ಹಿಡಿದು ಮನೆಗೆ ಓಡಿ ಬಂದೆ. ಮಷಿನ್ನಿನ ಕೆಳಗೆ ಮೊಣಕಾಲಿನ ಮಟ್ಟ ಹೊಟ್ಟು ಬಿದ್ದಿತ್ತು. ಏನು ಮಾಡಬೇಕು ತಿಳಿಯದೆ ಅಡುಗೆಮನೆಯಿಂದ ಹಿಟ್ಟಿನ ಸಾಣಿಗೆ ತಂದು, ಆ ಹೊಟ್ಟನ್ನೆಲ್ಲ ಜರಡಿ ಹಿಡಿದೆ. ಗಂಡನ ಬೆರಳಿಗೆ ಸಾಣಿಗೆ ಹಿಡಿದವಳು ನಾನು. ಸಿಗಲಿಲ್ಲ. ಹಳೆ ಸಾಣಿಗೆ ಎಲ್ಲಿ ಹೋಯಿತು, ಹೊಸದು ಯಾಕೆ ತಂದೆ ಅಂತ ಆಮೇಲೆ ಬೈದಿರಿ. ಎಲ್ಲಿ ಹೋಯಿತು ಅನ್ನುವುದು ಈಗ ತಿಳಿಯಿತಲ್ಲ.

ಅದಾದ ಮೇಲೆಯೇ ಪಟ್ಟಿ ದೂಡುವ ಆ ಕೋಲು ಮಾಡುವ ಹುಚ್ಚು ನನಗೆ ಹಿಡಿದದ್ದು. ಪ್ರಣಿತಾ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಗಡ್ಡದ ಮುದುಕ, ಅವನ ಮಾತು ನನಗೆ ಒಂದೂ ತಿಳಿಯಲಿಲ್ಲ, ಆದರೆ ಕೈ ಕೆಲಸ ತಿಳಿಯಿತು. ದೀಪಾವಳಿ ಅಮಾವಾಸ್ಯೆಯ ದಿನ ಹೇಗೂ ಮಷಿನ್ ಬಂದ್ ಇತ್ತು, ನೀವು ಜಗಲಿಯ ಮೇಲೆ ನಿದ್ದೆ ಹೊಡೆಯುತ್ತಿದ್ದಿರಿ. ನಾವಿಬ್ಬರೂ ವರ್ಕ್‌ಶಾಪಿನಲ್ಲಿ ಕೂತು ಬಿದ್ದ ಪ್ಲೈ ತುಂಡುಗಳನ್ನು ಆರಿಸಿದೆವು. ಬ್ಲೌಸಿಗೆ ತೆಗೆಯುವ ಹಾಗೆ ಮೊದಲು ಪೇಪರಿನಲ್ಲಿ ಅಳತೆ ತೆಗೆದೆ, ಪ್ರಣಿತಾ ಕೈಗರಗಸದಿಂದ ಕೊಯ್ದಳು. ಮೊಳದುದ್ದದ ಕೋಲು, ಹಿಡಿಯಲಿಕ್ಕೆ ಕುಡುಗೋಲಿನ ಹಿಡಿಯಂತೆ ಬಾಗು, ತುದಿಗೆ ಪಟ್ಟಿಯ ಹಿಂಭಾಗಕ್ಕೆ ಕಚ್ಚಿ ಕೂರುವ ಕಚ್ಚು. ಪಟ್ಟಿ ಬ್ಲೇಡಿನ ಹತ್ತಿರ ಹೋದರೂ ಕೈ ದೂರವೇ ಇರುತ್ತದೆ. ಹಲ್ಲು ತಾಗಿದರೆ ಕೋಲಿಗೆ ತಾಗಲಿ, ಮತ್ತೊಂದು ಮಾಡಿದರಾಯಿತು. ಅಗಲ ಹಲಗೆಗೆ ಇಸ್ತ್ರಿ ಪೆಟ್ಟಿಗೆಯಂಥದ್ದೊಂದು ಮಾಡಿದೆವು, ಮೇಲೆ ಹಿಡಿಕೆ, ಹಿಂದೆ ಹಲಗೆಯನ್ನು ದೂಡಲಿಕ್ಕೆ ಸಣ್ಣ ಹಿಮ್ಮಡಿ. ಹಿಡಿಕೆಗೆ ನಾನು ಮೊಳೆ ಹೊಡೆಯಲಿಕ್ಕೆ ಹೋದರೆ ಪ್ರಣಿತಾ ತಡೆದಳು. ‘ಮೊಳಿ ಬ್ಯಾಡವಾ, ಬ್ಲೇಡ್ ತಾಗಿದ್ರ ಕಿತ್ತು ಮಾರಿಗೆ ಬರತೈತಿ’ ಅಂತ ಅಂಟು ಹಚ್ಚಿ ಕೂಡಿಸಿದಳು. ಆಮೇಲೆ ಬಾಚಣಿಕೆಯಂಥ ಹಲಗೆ, ಓರೆಯಾಗಿ ಸೀಳಿದ ಹಲ್ಲುಗಳದ್ದು. ಬ್ಲೇಡಿಗಿಂತ ಈಚೆಗೇ ಅದನ್ನು ಬಿಗಿದರೆ ಕಟ್ಟಿಗೆ ಮುಂದೆ ಹೋಗುತ್ತದೆ, ತಿರುಗಿ ಎದೆಗೆ ಹಾರುವುದಿಲ್ಲ. ಕೊನೆಗೆ ಸ್ವಿಚ್ಚಿನ ಮೇಲೆ ಬಿಜಾಗರಿ ಹಾಕಿ ಒಂದು ಪುಟ್ಟ ಕದ ತೂಗುಬಿಟ್ಟೆವು. ಎರಡೂ ಕೈ ಕೆಲಸದಲ್ಲಿದ್ದರೂ ತೊಡೆಯಿಂದ ಆ ಕದ ಒತ್ತಿದರೆ ಸಾಕು, ಕರೆಂಟು ನಿಲ್ಲುತ್ತದೆ. ಎಲ್ಲಾ ಬಿದ್ದ ತುಂಡಿನಲ್ಲೇ ಆಯಿತು. ಪಾಲಿಶ್ ಪೇಪರ್ ಹಾಕಿ ತಿಕ್ಕಿ ತಿಕ್ಕಿ ನನ್ನ ಅಂಗೈ ಬೊಬ್ಬೆ ಎದ್ದಿತ್ತು, ನೀವು ಕೇಳಲೂ ಇಲ್ಲ.

ಎರಡು ಮೂರು ದಿನ ಅದನ್ನು ಹಿಡಿದು ಕೆಲಸ ಮಾಡಿದಿರಿ. ಬಾಯಿ ಬಿಟ್ಟು ಒಳ್ಳೆಯದಾಯಿತು ಅನ್ನಲಿಲ್ಲ, ಆದರೆ ಮಾಡಿದಿರಿ. ನಾನು ಒಳಗೆ ಹೊಲಿಯುತ್ತ ಕೂತವಳು ಬಹಳ ದಿನದ ಮೇಲೆ ಆ ಸದ್ದಿಗೆ ಹೆದರದೆ ಸೂಜಿಗೆ ದಾರ ಪೋಣಿಸಿದೆ. ಅಷ್ಟರಲ್ಲಿ ಆ ನಿಂಗರಾಜ ಬಂದ. ಸವದತ್ತಿ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ ಅಂತ ಅವನ ಮಾತಿಗೆ ಕಡಿವಾಣವೇ ಇಲ್ಲ. ‘ಏನ್ರಿ ಬಡಿಗೇರ, ಎಮ್ಮಿ ಕಾಯಾಕ ಹೊಂಟಂಗ ಕೋಲ್ ಹಿಡದ ನಿಂತೀರಲ್ಲ’ ಅಂದ. ಅವನು ಅಂದದ್ದಕ್ಕೆ ನನಗೆ ಸಿಟ್ಟಿಲ್ಲ. ಕಿಟಕಿ ಮಾಡಿಸಲಿಕ್ಕೆ ಬಂದವನಿಗೆ ನಿಮ್ಮ ಬೆರಳಿನ ಉಸಾಬರಿ ಯಾಕಿರಬೇಕು? ನೀವೂ ಅವನ ಜೊತೆ ನಕ್ಕಿರಲ್ಲ, ಸಿಟ್ಟು ಅದಕ್ಕೆ. ‘ಹೆಂಗಸರ ಆಟಿಗಿ ಸಾಮಾನ ರೀ’ ಅಂದಿರಿ. ಕೋಲು, ಇಸ್ತ್ರಿ ಪೆಟ್ಟಿಗೆಯಂಥದ್ದು, ಬಾಚಣಿಕೆ ಹಲಗೆ, ಎಲ್ಲ ಒಯ್ದು ಬಚ್ಚಲಿನ ಹಂಡೆಯ ಒಲೆಗೆ ತುರುಕಿದಿರಿ. ಅಷ್ಟಕ್ಕೇ ಬಿಡಲಿಲ್ಲ. ಅವನಿಗೆ ತೋರಿಸಲಿಕ್ಕೆ ಅಂತ, ಅರ್ಧ ಉಗುರಿಲ್ಲದ ಆ ಹೆಬ್ಬೆರಳಿನಿಂದಲೇ ಒಂದು ಪಟ್ಟಿ ದೂಡಲಿಕ್ಕೆ ನಿಂತಿರಿ. ಆಗ ನಾನು ಮೇನ್ ಸ್ವಿಚ್ ಎಳೆದು, ‘ಇನ್ನ ಒಂಬತ್ತೂವರಿ ಬೆರಳ ಉಳದಾವ, ಅವನ್ನೂ ಒಲಿಗೆ ಹಾಕ್ರಿ, ನೀರ ಕಾಯಲಿ’ ಅಂದೆ. ಹೌದು, ಅಂದೆ. ನಿಂಗರಾಜ ಇದ್ದಾಗಲೇ ಅಂದೆ. ಅವನು ಮತ್ತೆ ನಕ್ಕ, ಈ ಸಲ ನಿಮಗೆ ನಗು ಬರಲಿಲ್ಲ.

ಸೂಜಿ ಚುಚ್ಚದ ಹಾಗೆ ನಾನು ಬೆರಳಿಗೆ ಅಂಗುಸ್ತಾನ ಹಾಕಿಕೊಂಡು ಹೊಲಿದರೆ ಯಾರೂ ನಗುವುದಿಲ್ಲ. ಇಸ್ಮಾಯಿಲಸಾಬರು ಹಗ್ಗ ಕಟ್ಟಿ ಮಾಲು ಒಯ್ದರೆ ಅಂಜುಬುರುಕ ಅನ್ನುವುದಿಲ್ಲ. ಬಡಿಗೇರರ ಕೈಗೆ ಮಾತ್ರ ಕೋಲು ಬಂದರೆ ಗಂಡಸುತನ ಕಡಿಮೆಯಾಗುತ್ತದೆಯೇ? ನಿಮ್ಮ ಸಿಟ್ಟೋ ಮೂಗಿನ ತುದಿಯಲ್ಲೇ ಇರುತ್ತದೆ. ವರ್ಕ್‌ಶಾಪಿನ ಕೀಲಿ ನನಗೆ ಕೊಡಲಿಲ್ಲ, ಮಗಳ ಕಡೆ ಎಸೆದು ‘ಕೆಲಸಾ ನೀನಽ ನೋಡ್ಕೋ’ ಅಂತ ಟವೆಲ್ ಹೆಗಲಿಗೆ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದಿರಿ. ಹೆಂಡತಿ ಬೈದರೆ ಅಕ್ಕನ ಮನೆ. ಅಕ್ಕ ಬೈದರೆ ಎಲ್ಲಿಗೆ ಹೋಗುತ್ತೀರಿ, ಕೋಟೆ ಗುಡ್ಡ ಹತ್ತಿ ಕೂರುತ್ತೀರೇನು?

ಪ್ರಣಿತಾ ಮಾತ್ರ ಆ ಕೀಲಿ ಕೈಗೆ ಬಂದ ಖುಷಿಗೆ ನೆಲದ ಮೇಲೆ ನಿಲ್ಲುತ್ತಿಲ್ಲ. ಹೆಣ್ಣುಮಗಳಿಗೆ ಗರಗಸ ಯಾಕೆ ಅಂತ ನಿಮ್ಮ ಕಡೆಯವರೆಲ್ಲ ಮೂಗು ಮುರಿದಾಗ, ‘ನನ್ನ ಮಗಳ ಕೈಯಾಗ ಕಸಬು ಐತಿ’ ಅಂತ ಒಬ್ಬರೇ ಎದುರು ನಿಂತವರು ನೀವು. ಆ ಒಂದು ಮಾತಿಗಾಗಿ ನಿಮ್ಮ ಎಷ್ಟೋ ತಪ್ಪು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಈಗ ಅವಳು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವುದೇನು, ಗಿರಾಕಿಗಳಿಗೆ ‘ನಾಳೆ ಬರ್ರಿ’ ಅನ್ನುವುದೇನು, ಸುಳ್ಳು ಹೇಳುವುದನ್ನೂ ನಿಮ್ಮಿಂದಲೇ ಕಲಿತಿದ್ದಾಳೆ. ನಿಂಗರಾಜನ ಹೊಸ ಮನೆಯ ವಾಸ್ತುಶಾಂತಿ ಹತ್ತಿರ ಬಂದಿದೆ, ಕಿಟಕಿ ಆಗಲೇಬೇಕು ಅಂತ ಭಾನುವಾರವೂ ಮಷಿನ್ ಹಚ್ಚಿದ್ದಾಳೆ. ಪೇಪರಿನ ಅಳತೆ ನನ್ನ ಹತ್ತಿರ ಹಾಗೇ ಇತ್ತು, ನೀವು ಹೋದ ಮರುದಿನವೇ ಅವಳಿಗೆ ಹೊಸ ಕೋಲು ಮಾಡಿಕೊಟ್ಟೆ, ಹಿಡಿಗೆ ಕೆಂಪು ಬಟ್ಟೆ ಸುತ್ತಿದ್ದೇನೆ, ಇನ್ನು ಯಾರೂ ಅದನ್ನು ಉರುವಲು ಅಂದುಕೊಳ್ಳುವುದು ಬೇಡ. ಅವಳಿಗಾದರೂ ಬುದ್ಧಿ ಇದೆ, ಆ ಚಿಂತೆ ನನಗಿಲ್ಲ. ಚಿಂತೆ ನಿಮ್ಮದು. ನೀವು ಬಂದು ಮತ್ತೆ ಬರಿಗೈಯಲ್ಲಿ ನಿಂತರೆ, ಒಳಗೆ ಕೂತು ಆ ಸದ್ದು ಕೇಳುವ ಶಕ್ತಿ ನನಗಿಲ್ಲ. ಬ್ಲೇಡು ಒಂದು ಸಲ ದನಿ ಬದಲಿಸಿದರೆ ಸಾಕು, ಹೊಲಿಯುವ ಕಾಲು ತಾನೇ ನಿಲ್ಲುತ್ತದೆ. ನಾನು ಬೈಯುವುದು ನಿಮಗೆ ಕೇಳಿಸುತ್ತದೆ, ಹೆದರುವುದು ಕೇಳಿಸುವುದಿಲ್ಲ. ಆದ್ದರಿಂದ ಬರುವುದಾದರೆ ಮಾತು ಕೊಟ್ಟು ಬನ್ನಿ. ಇನ್ನು ಬರಿಗೈಯಲ್ಲಿ ಕೊಯ್ಯುವುದಿಲ್ಲ ಅನ್ನಬೇಕು, ಕೋಲು ಸುಟ್ಟದ್ದು ತಪ್ಪಾಯಿತು ಅಂತಲೂ ಅನ್ನಬೇಕು. ಇಲ್ಲವಾದರೆ ಅಲ್ಲೇ ಇರಿ, ಕಾಳವ್ವಕ್ಕನ ಸಪ್ಪನೆ ಪಲ್ಯ ಉಣ್ಣುತ್ತ.

ಕಾಳವ್ವಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಸುಳ್ಳು ಹೇಳಿ ರೂಢಿಯಿಲ್ಲ, ಹೇಳಿಸಬೇಡಿ. ಬೆಳಗಿನ ತಂಪಿನಲ್ಲಿ ಬರಿ ಮೈಯಲ್ಲಿ ಹೊರಗೆ ಕೂರಬೇಡಿ, ಕೆಮ್ಮು ಇನ್ನೂ ಹೋಗಿಲ್ಲ. ಕಾಳಿಕಾದೇವಿ ನಿಮ್ಮನ್ನು ಚೆನ್ನಾಗಿಟ್ಟಿರಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ,
ಸಿಟ್ಟು ಇನ್ನೂ ಇಳಿಯದ
ಅನ್ನಪೂರ್ಣಾ

ತಾ.ಕ.: ಲಕೋಟೆಗೆ ಅಂಟು ತರಲಿಕ್ಕೆ ಈಗ ವರ್ಕ್‌ಶಾಪಿಗೆ ಹೋಗಿದ್ದೆ. ಪ್ರಣಿತಾ ಕಿಟಕಿಯ ಗಾಜಿಗೆ ಕೂಡಿಸುವ ಪಟ್ಟಿ ಕೊಯ್ಯುತ್ತಿದ್ದಳು. ಕೋಲು ಗೋಡೆಗೆ ತೂಗುಹಾಕಿದ ಹಾಗೇ ಇತ್ತು. ಬರಿಗೈ. ಹೆಬ್ಬೆರಳಿನಿಂದ ದೂಡುತ್ತ, ಕಿರುಬೆರಳು ಮೇಲೆತ್ತಿಕೊಂಡು, ಥೇಟ್ ನಿಮ್ಮದೇ ಕೈ. ಕೂಗಿದರೆ ಬೆಚ್ಚಿ ಕೈ ಜಾರೀತು ಅಂತ ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ, ಪಟ್ಟಿ ಪೂರ್ತಿ ಆಚೆ ಹೋಗುವ ತನಕ. ಬ್ಲೇಡು ನಿಂತ ಮೇಲೆ ಯಾಕೆ ಅಂತ ಕೇಳಿದೆ. ‘ಕೋಲ್ ಹಿಡದ್ರ ಕೈಯಾಗ ಕಸಬು ಕೂಡಂಗಿಲ್ಲ ಅಂತಾನ ಅಪ್ಪಾ. ಅಪ್ಪಾ ಹಿಡದ್ರ ನಾನೂ ಹಿಡೀತೇನಿ’ ಅಂದಳು. ಕೀಲಿ ಕಸಿದುಕೊಂಡು ಬಂದಿದ್ದೇನೆ, ಆದರೆ ಎಷ್ಟು ದಿನ ಇಟ್ಟುಕೊಳ್ಳಲಿ? ಮೇಲೆ ಬರೆದದ್ದೆಲ್ಲ ಬಿಟ್ಟುಬಿಡಿ. ಮಾತು ಕೊಡುವುದೂ ಬೇಡ, ತಪ್ಪಾಯಿತು ಅನ್ನುವುದೂ ಬೇಡ. ಇಸ್ಮಾಯಿಲಸಾಬರ ಟೆಂಪೋ ತಿರುಗಿ ಬರುವಾಗ ಅದರಲ್ಲೇ ಹತ್ತಿ ಬನ್ನಿ. ಅವಳ ಎದುರಿಗೆ ಕೋಲು ಹಿಡಿದು ಒಂದೇ ಒಂದು ಪಟ್ಟಿ ಕೊಯ್ಯಿರಿ, ಸಾಕು. ಅವಳು ನನ್ನ ಮಾತು ಕೇಳಿ ಕಲಿಯುವವಳಲ್ಲ, ನಿಮ್ಮ ಕೈ ನೋಡಿ ಕಲಿಯುವವಳು.