ಕಾಶಿಗೆ ಹೋಗದ ಪಾದ

ಪೋರ್ತೊ, ಪೋರ್ಚುಗಲ್
11 ಸೆಪ್ಟೆಂಬರ್ 2025, ಗುರುವಾರ

ಚಿ. ಸೌ. ಕಾವ್ಯಾಗೆ, ಪೋರ್ತೊ ಊರಿನಿಂದ ನಿನ್ನ ಅವ್ವನ ಆಶೀರ್ವಾದ. ಇನ್ನೊಮ್ಮೆ ಓದು: ಪೋರ್ತೊ ಊರಿನಿಂದ. ಕಾಶಿಯಿಂದ ಅಲ್ಲ.

ಫೋನಿನಲ್ಲಿ ನೀನು ನನಗೆ ಎರಡು ಮಾತು ಪೂರ್ತಿ ಆಡಲು ಬಿಡುವುದಿಲ್ಲ. ಅದಕ್ಕೇ ಹಾಳೆಯ ಮೇಲೆ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಓದುವಾಗಲಾದರೂ ನೀನು ನಡುವೆ ಬಾಯಿ ಹಾಕಲಾರೆ.

ನಿನ್ನೆ ನೀನು ಹೇಳಿದ್ದು ಕೇಳಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಇಳಿದಿಲ್ಲ. ಅವ್ವ ದ್ರಾಕ್ಷಿ ಬೆಳೆಗಾರರ ಜೊತೆ ವೈನ್ ಮಾಡುವ ನಾಡು ನೋಡಲು ಹೋಗಿದ್ದಾಳೆ ಎಂದು ಮುಧೋಳದ ಅತ್ತೆಯ ಮನೆಯಲ್ಲಿ ಹೇಳಲು ನಿನಗೆ ನಾಚಿಕೆ. ಕಾಶಿಗೆ ಹೋಗಿದ್ದಾಳೆ ಅಂದುಬಿಟ್ಟೆ. ಕಾಶಿಗೆ ಹೋಗಿ ಬಂದವರಿಗೆ ಗಂಗಿ ಪೂಜೆ ಮಾಡಬೇಕಲ್ಲ, ನಿನ್ನ ಅತ್ತೆ ಅನಸವ್ವನವರು ಅಮಾವಾಸ್ಯೆ ಮುಗಿದ ಸೋಮವಾರದ ಊಟಕ್ಕೆ ಓಣಿಗೆ ಓಣಿಯನ್ನೇ ಕರೆದಿದ್ದಾರೆ. ಈಗ ನಾನು ಬರುವ ದಾರಿಯಲ್ಲಿ ಬೆಳಗಾವಿಯ ಪೇಟೆಯಲ್ಲಿ ತಾಮ್ರದ ಗಿಂಡಿ ಕೊಂಡು, ನಳದ ನೀರು ತುಂಬಿಕೊಂಡು, ಗಂಗೆ ಎಂದು ಹೊತ್ತು ತರಬೇಕಂತೆ. ನನ್ನವ್ವಾ, ನಳದ ನೀರಿಗೆ ಆರತಿ ಎತ್ತಿಸುವುದಕ್ಕೆ ನಾಚಿಕೆಯಾಗದ ನಿನಗೆ, ದ್ರಾಕ್ಷಿಯ ರಸಕ್ಕೆ ಯಾಕೆ ನಾಚಿಕೆ?

ನಿಮ್ಮ ಅಪ್ಪ ಹೋದ ಮೇಲೆ ಜಮಖಂಡಿ ತೋಟದ ಅರ್ಧ ದ್ರಾಕ್ಷಿಯನ್ನು ಒಣಗಿಸಿದೆ, ಇನ್ನರ್ಧವನ್ನು ವೈನ್ ಕಾರ್ಖಾನೆಗೆ ಕೊಟ್ಟೆ. ನಿನ್ನ ಮದುವೆ ನಡೆದದ್ದೂ ಅದರಿಂದಲೇ. ಆಗ ಬೀಗರು ಯಾರೂ ಹೋಳಿಗೆ ಬೇಡ ಅನ್ನಲಿಲ್ಲ. ನಿನ್ನನ್ನು ಕೊಡುವ ಮೊದಲು ಮುಧೋಳಕ್ಕೆ ಮನೆ ನೋಡಲು ಬಂದೆ. ಅಡುಗೆಮನೆ, ದನದ ಕೊಟ್ಟಿಗೆ, ಹಿತ್ತಲು ಎಲ್ಲ ತಿರುಗಾಡಿ ನೋಡಿ ಆಮೇಲೆ ಹೂಂ ಅಂದೆ. ನನ್ನ ಹಣ್ಣನ್ನು ಮಾತ್ರ ಯಾವ ಮನೆಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೆ ಎಂದು ನೋಡದೆ ಪ್ರತಿ ವರ್ಷ ಲಾರಿ ಹತ್ತಿಸಿದೆ. ಈಗ ನೋಡಲು ಬಂದಿದ್ದೇನೆ. ಇದರಲ್ಲಿ ತಪ್ಪೇನಿದೆ?

ಊರು ಬಹಳ ಹಳೆಯದು. ನಡುವೆ ಹೊಳೆ, ಅದರ ಮೇಲೆ ಒಂದರ ಮೇಲೊಂದು ಎರಡು ರಸ್ತೆ ಇರುವ ಕಬ್ಬಿಣದ ಸೇತುವೆ. ದಂಡೆಯ ಮೇಲಿನ ಇಕ್ಕಟ್ಟು ಮನೆಗಳ ಮುಂದೆ ಬನಹಟ್ಟಿಯಲ್ಲಿ ನೂಲು ಒಣಹಾಕಿದ ಹಾಗೆ ಬಟ್ಟೆಗಳು ತೂಗುತ್ತಿರುತ್ತವೆ. ಓಣಿಗಳೆಲ್ಲ ಏರು, ನನ್ನ ಮೊಣಕಾಲು ದಿನಾ ಬೈಯುತ್ತದೆ, ನಾನು ಕೇಳುವುದಿಲ್ಲ. ಬೆಳಿಗ್ಗೆ ಗೋಡೆ ತುಂಬ ನೀಲಿ ಚಿತ್ರವಿರುವ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಹೊಳೆಯ ಗುಂಟ ದ್ರಾಕ್ಷಿ ತೋಟಗಳಿಗೆ ಹೋಗುತ್ತೇವೆ, ಸಂಜೆ ತಿರುಗಿ ಇದೇ ಕೋಣೆಗೆ. ಜೊತೆಗೆ ತೇರದಾಳದ ರಾಜಮತಿ ಇದ್ದಾಳೆ. ಜೈನರ ಹೆಣ್ಣುಮಗಳು, ಊರಿನಿಂದ ತಂದ ರೊಟ್ಟಿ, ಚಟ್ನಿಪುಡಿಯನ್ನು ಹೊತ್ತು ಮುಳುಗುವ ಮೊದಲೇ ಬಿಚ್ಚುತ್ತಾಳೆ. ಗ್ಲಾಸು ಮುಂದೆ ಬಂದರೆ, ನಾ ನೋಡಾಕ ಬಂದೇನ್ರಿ, ಕುಡಿಯಾಕಲ್ಲ, ಅಂತ ಕನ್ನಡದಲ್ಲೇ ಹೇಳಿ ಸರಿಸುತ್ತಾಳೆ. ಯಾರೂ ಒತ್ತಾಯ ಮಾಡುವುದಿಲ್ಲ. ಅವಳು ತನ್ನ ಮನೆಯಲ್ಲಿ ಕಾಶಿ ಅಂತ ಹೇಳಿ ಬಂದಿಲ್ಲ, ತಿಳೀತಾ?

ರುಚಿ ನೋಡುವುದು ಇಲ್ಲಿ ಒಂದು ಶಾಸ್ತ್ರ. ಗ್ಲಾಸು ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಿಯಲ್ಲಿ ಆಡಿಸಿ, ಪಕ್ಕದ ಬಕೆಟ್ಟಿಗೆ ಉಗುಳುತ್ತಾರೆ. ಸೂಟು ಹಾಕಿದ ಮಂದಿ ಸಾಲಾಗಿ ನಿಂತು ಉಗುಳುವುದನ್ನು ನೋಡಿ ನನಗೆ ನಮ್ಮೂರ ಕಟ್ಟೆಯ ಮೇಲಿನ ಎಲೆಯಡಿಕೆ ಮುದುಕರು ನೆನಪಾದರು.

ನಿನ್ನೆ ಹೋದ ತೋಟದಲ್ಲಿ ಸುಗ್ಗಿ ನಡೆದಿತ್ತು. ಅಲ್ಲಿ ಇನ್ನೂ ಕಾಲಿನಿಂದಲೇ ಹಣ್ಣು ತುಳಿಯುತ್ತಾರೆ. ದೊಡ್ಡ ಕಲ್ಲಿನ ತೊಟ್ಟಿ, ತೊಡೆ ಮಟ ದ್ರಾಕ್ಷಿ, ಹೆಗಲ ಮೇಲೆ ಕೈ ಹಾಕಿಕೊಂಡ ಹೆಂಗಸರು ಗಂಡಸರು. ಬರುತ್ತೀರಾ ಎಂದು ನಮ್ಮನ್ನೂ ಕೇಳಿದರು. ಸೀರೆಗೆ ಕಚ್ಚೆ ಹಾಕಿ, ಕಾಲು ತೊಳೆದುಕೊಂಡು, ಕಣಕ್ಕೆ ಇಳಿಯುವಾಗ ಮಾಡುವ ಹಾಗೆ ತೊಟ್ಟಿಯನ್ನು ಮುಟ್ಟಿ ಹಣೆಗೆ ಒತ್ತಿಕೊಂಡೆ. ಮನೆಯ ಯಜಮಾನಿ, ನನಗಿಂತ ಹಿರಿಯಳು, ಯಾಕೆ ಅಂತ ಕೇಳಿದಳು. ನಮ್ಮನ್ನು ಕರೆತಂದ ಅರುಣ ಅವಳ ಮಾತಿನಲ್ಲಿ ತಿಳಿಸಿದ. ಆಕೆ ನನ್ನ ಕೈ ಹಿಡಿದು ತಾನೂ ಇಳಿದಳು. ಎಷ್ಟು ಹೊತ್ತು ತುಳಿದೆವೋ, ಕಾವ್ಯಾ! ನಿಮ್ಮ ಅಪ್ಪ ಹೋದ ಮೇಲೆ ನಾನು ಅಷ್ಟು ನಕ್ಕಿದ್ದೇ ಇಲ್ಲ.

ಪಾದ ಇನ್ನೂ ಕೆಂಪಗಿದೆ. ಸೋಪು ಹಚ್ಚಿ ತಿಕ್ಕಿದೆ, ಹೋಗಲಿಲ್ಲ. ಕಾಶಿಯಿಂದ ಬಂದವರ ಪಾದ ತೊಳೆದು, ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ನಿನ್ನ ಅತ್ತೆ ಸಣ್ಣ ಮನಸ್ಸಿನವರಲ್ಲ, ಭಕ್ತಿಯಿಂದಲೇ ಒತ್ತಿಕೊಳ್ಳುತ್ತಾರೆ. ಅವರ ಮುಂದೆ ಈ ಪಾದ ಚಾಚಿ ಸುಮ್ಮನೆ ಕೂಡುವುದು ನನ್ನಿಂದ ಆಗುವುದಿಲ್ಲ. ಅವರು ಬಾಗಿಲು ಹಾಕಿದರೆ ಹಾಕಲಿ. ನಿನ್ನನ್ನು ನೋಡುವುದು ಕಡಿಮೆಯಾದೀತು, ಅದೊಂದು ಸಂಕಟ ನನಗಿದೆ. ಆದರೂ ಗಿಂಡಿ ತರುವುದಿಲ್ಲ.

ನನ್ನ ಮೇಲೆ ಸಿಟ್ಟು ಮಾಡು, ಊಟ ಮಾತ್ರ ಬಿಡಬೇಡ.

ಯಾರ ಮುಂದೆಯೂ ತಲೆ ತಗ್ಗಿಸದೆ ತಿರುಗಿ ಬರಲಿರುವ
ನಿನ್ನ ಅವ್ವ,
ಶಂಕ್ರೆವ್ವ

ತಾ. ಕ.: ಧೈರ್ಯ ಇರುವಾಗಲೇ ಆಗಲಿ ಎಂದು ಈಗಷ್ಟೇ ಅನಸವ್ವನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಉಗುಳುವ ಶಾಸ್ತ್ರವನ್ನೂ ಹೇಳಿದೆ. ಅದನ್ನೇ ಹಿಡಿದು ಅವರು, ಬೀಗತೇರ, ನೀವೂ ಉಗುಳೀರಿ ಹೌದಲ್ರಿ, ಹೌದು ಅನ್ರಿ, ಪೂಜಿ ಮಾಡಿಬಿಡೂಣು, ಮಂದಿಗಿ ನಾ ಏನೂ ಹೇಳಾಂಗಿಲ್ಲ, ಅಂದರು. ಪಾಪ, ನನಗೊಂದು ದಾರಿ ಮಾಡಿಕೊಟ್ಟರು. ಕಾವ್ಯಾ, ಎಲ್ಲರೂ ಉಗುಳುತ್ತಾರೆ ಎಂದು ಮೇಲೆ ಬರೆದಿದ್ದೇನೆ. ನಾನು ಉಗುಳಿದೆ ಎಂದು ಎಲ್ಲಿಯೂ ಬರೆದಿಲ್ಲ, ತಿರುಗಿ ಓದಿ ನೋಡು. ಬೆಳೆದವಳು ನಾನು, ಬೆಳೆಯನ್ನು ಬಕೆಟ್ಟಿಗೆ ಉಗುಳಲು ಮನಸ್ಸಾಗಲಿಲ್ಲ. ಇಲ್ರಿ ಬೀಗತೇರ, ನುಂಗೀನ್ರಿ, ಅಂದೆ. ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ ಅಂತ ಫೋನ್ ಇಟ್ಟರು. ಸೋಮವಾರದ ಊಟವನ್ನು ನಾನೇ ಹಾಕುತ್ತೇನೆ, ನಮ್ಮ ತೋಟದಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ. ನೀನು ಬಂದರೂ ಬಾರದಿದ್ದರೂ ನಿನಗೊಂದು ಎಲೆ ಹಾಕಿರುತ್ತೇನೆ. ತೋಟಕ್ಕೆ ಹೊಸ್ತಿಲು ಇಲ್ಲ.