ಅವ್ವನ ಎರಡು ಕಿವಿ

ಇಚಲಕರಂಜಿ
೧೨-೨-೧೯೬೪

ಚಿ. ಸೌ. ತಂಗಿ ಹಾಲವ್ವನಿಗೆ ಅಕ್ಕ ಬಾಳಕ್ಕನ ಆಶೀರ್ವಾದಗಳು.

ನಾವು ಕ್ಷೇಮ. ಮಗ್ಗಗಳು ನಡೆದಿವೆ, ಆ ಸದ್ದಿಗೆ ನನ್ನ ತಲೆನೋವೂ ನಡೆದಿದೆ. ಲಗ್ನಪತ್ರಿಕೆಯೊಂದನ್ನು ಬಿಟ್ಟರೆ ಗಡಹಿಂಗ್ಲಜದಿಂದ ನಿನ್ನ ಒಂದು ಸಾಲೂ ಬಂದಿಲ್ಲ. ನಿನ್ನ ಮಾವನವರು ಬರೆಯಬೇಡ ಎಂದಿರಬೇಕು. ಇಲ್ಲಿ ನಮ್ಮವರೂ ಅದನ್ನೇ ಹೇಳುತ್ತಾರೆ. ಹೇಳಲಿ.

ಬರುವ ರವಿವಾರ ಕೊಲ್ಹಾಪುರದಲ್ಲಿ ಎರಡೂ ಕಡೆಯವರ ಸಭೆಯಿದೆ. ದೊಡ್ಡ ಮಹಾರಾಜರು ದೇಹ ಬಿಟ್ಟ ಮೇಲೆ ಎರಡು ಪೀಠಗಳಾಗಿ ಒಡೆದ ನಮ್ಮ ಸಂಪ್ರದಾಯವನ್ನು ಕೂಡಿಸಲು ಇದು ಮೂರನೆಯ ಸಭೆ. ಮೊದಲೆರಡರಲ್ಲಿ ಊಟ ಚೆನ್ನಾಗಿತ್ತಂತೆ, ಅಷ್ಟೇ. ಅಲ್ಲಿ ಶಿಷ್ಯರಿಗೆ ನಾಮದ ದೀಕ್ಷೆ ಕೊಡುವ ನಿನ್ನ ಮಾವ ಆಬಾಸಾಹೇಬರು, "ಇಚಲಕರಂಜಿಯವ್ರು ನಾಮಾನ ಬದಲ ಮಾಡ್ಯಾರ" ಎನ್ನುತ್ತಾರೆ. ಇಲ್ಲಿ ನಾಮ ಕೊಡುವ ನಮ್ಮ ಯಜಮಾನರು, ಬದಲಿಸಿದವರು ನೀವೇ ಎನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ. ಗುರು ಕಿವಿಯಲ್ಲಿ ಹೇಳಿದ ನಾಮವನ್ನು ಇನ್ನೊಬ್ಬರಿಗೆ ಕೇಳಿಸಬಾರದು. ಹಾಗಾದರೆ ತಾಳೆ ನೋಡುವವರು ಯಾರು?

ನೀನೂ ನಾನೂ ನೋಡಿದ್ದೇವೆ ಹಾಲವ್ವಾ. ಆರು ವರ್ಷದ ಹಿಂದೆ, ಹಾತಕಣಂಗಲೆಯ ತವರುಮನೆಯಲ್ಲಿ, ಅವ್ವನ ಕೊನೆಯ ಮುಂಜಾನೆ. ಪ್ರಾಣ ಹೋಗುವಾಗ ನಾಮ ಪಡೆದವರೊಬ್ಬರು ಕಿವಿಯಲ್ಲಿ ಅದನ್ನು ಹೇಳಬೇಕು, ಉಳಿದವರು ಹೊರಗಿರಬೇಕು. ಹಿರಿಯಳೆಂದು ನಾನು, ಆರೈಕೆ ಮಾಡಿದವಳೆಂದು ನೀನು, ಇಬ್ಬರೂ ಹಟ ಬಿಡಲಿಲ್ಲ. ಬಲಗಿವಿಗೆ ನಾನು ಬಗ್ಗಿದೆ, ಎಡಗಿವಿಗೆ ನೀನು. ಅವ್ವನಿಗೋ ಕಿವಿ ಮಂದ. ಪಿಸುಮಾತಿಗೆ ಕಣ್ಣು ತೆರೆಯಲಿಲ್ಲ. ಇಬ್ಬರೂ ದನಿ ಏರಿಸಿದೆವು. ನನಗೆ ನಮ್ಮವರು ಕೊಟ್ಟದ್ದು, ನಿನಗೆ ನಿನ್ನ ಮಾವನವರು ಕೊಟ್ಟದ್ದು, ಎರಡೂ ಬಾಯಿಂದ ಬಂದದ್ದು ಒಂದೇ ನಾಮ. ನಾವು ಮುಖ ಮುಖ ನೋಡಿಕೊಂಡೆವು. ಅವ್ವ ಮಾತ್ರ ಸಮಾಧಾನದಿಂದ ಹೋದಳು.

ಇಷ್ಟು ವರ್ಷ ನಾನು ಸುಮ್ಮನಿದ್ದದ್ದು ನೇಮಕ್ಕೆ ಅಂಜಿ ಅಲ್ಲ. ನಮ್ಮವರ ಮಾತು ಸುಳ್ಳಾದರೆ ಅವರ ಪೀಠದ ಮರ್ಯಾದೆ ಹೋದೀತೆಂದು. ಬರೆಯಲು ನಾಚಿಕೆಯಾಗುತ್ತದೆ. ಹೋದ ತಿಂಗಳು ನಿನ್ನ ಮಗಳು ಶಾಲನಳ ಮದುವೆಗೂ ನನ್ನನ್ನು ಕಳಿಸಲಿಲ್ಲ. ಅಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಇಲ್ಲಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಸಾಕೆನಿಸಿತು.

ಸೋಮವಾರ ಭಜನೆ ಮುಗಿದ ಮೇಲೆ ಎಲ್ಲರೆದುರು ಹೇಳಿಬಿಟ್ಟೆ: ಎರಡೂ ಕಡೆಯ ನಾಮ ಒಂದೇ, ನಾನು ಕಿವಿಯಾರೆ ಕೇಳಿದ್ದೇನೆ. ನಮ್ಮವರು ತಾಳಗಳನ್ನು ಚೀಲಕ್ಕೆ ಹಾಕಿ ಕಟ್ಟಿದರು. ಆಮೇಲೆ, "ನಾಮಾ ಹೊರಗ ಹಾಕಿದಾಕಿ ಇನ್ನ ಭಜನ್ಯಾಗ ಕೂಡಬಾರ್ದು" ಎಂದರು. ನಾನು ಬಡಿಸಿದರೆ ಉಣ್ಣುತ್ತಾರೆ, ದೇವರ ದೀಪ ಮಾತ್ರ ಮುಟ್ಟಗೊಡುವುದಿಲ್ಲ.

ರವಿವಾರ ನೀನು ಬಾ. ಮುಂಜಾನೆಯ ಮೊದಲ ಮೋಟಾರು ಹತ್ತಿದರೆ ಸಭೆಯ ಹೊತ್ತಿಗೆ ಕೊಲ್ಹಾಪುರ ಮುಟ್ಟುತ್ತೀ. ನಾಮ ಹೇಳುವುದು ಬೇಡ. ಅಕ್ಕ ಕೇಳಿದ್ದು ನಿಜ ಎಂದರೆ ಸಾಕು.

ಇಂತು ನಿನ್ನ ಅಕ್ಕ,
ಬಾಳಕ್ಕ

ತಾ.ಕ.: ಎಲ್ಲಿ, ಯಾರ ಬಾಯಿಂದ ಕೇಳಿದೆ ಎಂದು ಎಲ್ಲರೂ ಕೇಳಿದರು. ನಿನ್ನ ಹೆಸರು ಹೇಳಲಿಲ್ಲ. ಅದಕ್ಕೇ ನನ್ನನ್ನು ಸುಳ್ಳಿ ಎನ್ನುತ್ತಿದ್ದಾರೆ. ಬಂದು ಹೇಳಿದರೆ ನಿನ್ನನ್ನೂ ಭಜನೆಯಿಂದ ಎಬ್ಬಿಸುತ್ತಾರೆ. ಅದು ಗೊತ್ತಿದ್ದೇ ಕರೆಯುತ್ತಿದ್ದೇನೆ. ಬರಲು ಆಗದಿದ್ದರೆ ಈ ಕಾಗದ ಒಲೆಗೆ ಹಾಕು. ನಾನು ಸುಳ್ಳಿಯಾಗಿಯೇ ಇರುತ್ತೇನೆ.